ಗಡಿಗಳಾಚೆಯ ಗುರು ಕುರ್ಟ್ ಹಾನ್

ದಕ್ಷಿಣ ಜರ್ಮನಿಯಲ್ಲಿ ಕಾನ್‌ಸ್ಟನ್ಸ್ ಎಂಬ ವಿಶಾಲವಾದ ಸರೋವರವಿದೆ. ಅದರ ದಡದಿಂದ ಕೆಲವು ಮೈಲಿಗಳಾಚೆ ಸಾಲೆಮ್ ಎಂಬ ಊರು. ಅಲ್ಲಿಯ ಹಳೆಯ ಮಠದ ಕಟ್ಟಡದಲ್ಲಿ ಒಂದು ಶಾಲೆ. ಸ್ಕಾಟ್ಲೆಂಡಿನ ಈಶಾನ್ಯದ ತೀರದಲ್ಲಿ, ಶೀತಗಾಳಿ ಬೀಸುವ ಮೋರೆ ಕೊಲ್ಲಿಯ ಸಮೀಪದಲ್ಲಿ ಇನ್ನೊಂದು ಶಾಲೆ. ವೇಲ್ಸಿನ ದಕ್ಷಿಣ ತೀರದಲ್ಲಿ, ಕಡಲಿಗೆ ಮುಖ ಮಾಡಿ ನಿಂತ ಪುರಾತನ ಕೋಟೆಯಲ್ಲಿ ಮೂರನೆಯದು. ಈ ಮೂರೂ ಒಬ್ಬ ಮನುಷ್ಯನ ಕನಸಿನಿಂದ ಹುಟ್ಟಿದವು. ಆತ ಶಿಕ್ಷಕರ ತರಬೇತಿಯನ್ನು ಪಡೆದವರಲ್ಲ. ವಿಶ್ವವಿದ್ಯಾನಿಲಯಗಳಲ್ಲಿ ಅನೇಕ ವರ್ಷ ಓದಿದರೂ ಪದವಿಯನ್ನು ಪಡೆಯದೆ ಹೊರಬಂದವರು. ಆದರೂ ಇಪ್ಪತ್ತನೆಯ ಶತಮಾನದ ಶಿಕ್ಷಣದ ಚರಿತ್ರೆಯಲ್ಲಿ ಕುರ್ಟ್ ಹಾನ್ ಎಂಬ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಕುರ್ಟ್ ಹಾನರು 1886ನೆಯ ಇಸವಿ ಜೂನ್ 5ರಂದು ಬರ್ಲಿನ್ ನಗರದಲ್ಲಿ ಜನಿಸಿದರು. ಅವರದು ಸಂಪನ್ನವಾದ ಯಹೂದಿ ಕುಟುಂಬ. ತಂದೆ ಆಸ್ಕರ್ ಹಾನರು ಕೈಗಾರಿಕೋದ್ಯಮಿ. ತಾಯಿ ಷಾರ್ಲಟ್. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಕೊರತೆಯೆಂದು ಬಾಲಕನಿಗೆ ಕಂಡದ್ದು ಶಾಲೆಯಲ್ಲಿ. ಆ ಕಾಲದ ಜರ್ಮನಿಯ ಶಾಲೆಗಳು ಪಾಂಡಿತ್ಯಕ್ಕೆ ಹೆಸರಾಗಿದ್ದವು. ಶಿಸ್ತಿಗಂತೂ ಇನ್ನೂ ಹೆಚ್ಚು. ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳ ವ್ಯಾಕರಣವನ್ನು ಬಾಯಿಪಾಠ ಮಾಡಿ ಒಪ್ಪಿಸುವುದು, ಗುರುಗಳ ಆಜ್ಞೆಗೆ ತಲೆಬಾಗುವುದು, ಕೊನೆಗೆ ಒಂದು ದೊಡ್ಡ ಪರೀಕ್ಷೆಯನ್ನು ಎದುರಿಸುವುದು, ಇಷ್ಟರಲ್ಲಿ ವಿದ್ಯಾಭ್ಯಾಸ ಮುಗಿಯುತ್ತಿತ್ತು. ವಿದ್ಯಾರ್ಥಿಯ ಮೈ, ಮನಸ್ಸು, ನಡತೆ ಇವುಗಳ ಗೊಡವೆ ಯಾರಿಗೂ ಇರಲಿಲ್ಲ.

ಸುಮಾರು ಹದಿನಾರನೆಯ ವಯಸ್ಸಿನಲ್ಲಿ ಅವರು ಆಲ್ಪ್ಸ್ ಪರ್ವತಶ್ರೇಣಿಯ ಡೋಲೊಮೈಟ್ ಬೆಟ್ಟಗಳಲ್ಲಿ ಕಾಲ್ನಡಿಗೆಯ ಪ್ರವಾಸ ಕೈಗೊಂಡಿದ್ದರು. ಅಲ್ಲಿ ಇಂಗ್ಲೆಂಡಿನ ಕೆಲವು ವಿದ್ಯಾರ್ಥಿಗಳ ಭೇಟಿಯಾಯಿತು. ಅವರು ಆಬಟ್ಸ್‌ಹೋಮ್ ಎಂಬ ಹೊಸ ಬಗೆಯ ಶಾಲೆಯವರು. ತಮ್ಮ ಶಾಲೆಯಲ್ಲಿ ಪಾಠದೊಡನೆ ತೋಟದ ಕೆಲಸವೂ ಬಡಗಿಯ ಕೆಲಸವೂ ಬೆಟ್ಟಗುಡ್ಡಗಳ ಅಲೆದಾಟವೂ ಇರುವುದನ್ನು ಅವರು ವರ್ಣಿಸಿದರು. ಒಂದು ಪುಸ್ತಕವನ್ನೂ ಕೊಟ್ಟರು. ಹರ್ಮನ್ ಲೀಟ್ಸ್ ಎಂಬ ಜರ್ಮನ್ ಶಿಕ್ಷಣತಜ್ಞರು ಆ ಶಾಲೆಯಲ್ಲಿ ಇದ್ದು ಬಂದು ಬರೆದ ಪುಸ್ತಕವದು. ಅದರ ಹೆಸರು ಒಂದು ವಿನೋದ: ಶಾಲೆಯ ಹೆಸರಿನ ಅಕ್ಷರಗಳನ್ನು ಹಿಂದುಮುಂದಾಗಿ ಜೋಡಿಸಿ ಲೀಟ್ಸರು ಅದಕ್ಕೆ ಎಮ್ಲೋಸ್ಟೋಬಾ ಎಂದು ಹೆಸರಿಟ್ಟಿದ್ದರು. ಶಾಲೆಯೆಂದರೆ ಹೀಗೂ ಇರಬಹುದೆಂಬ ಅರಿವು ಹಾನರಿಗೆ ಮೊದಲು ಉಂಟಾದದ್ದು ಆ ಪುಸ್ತಕದಿಂದ.

1904ರಲ್ಲಿ ಶಾಲೆಯ ವ್ಯಾಸಂಗ ಮುಗಿಯಿತು. ಅದೇ ವರ್ಷ ಒಂದು ಅನಾಹುತವೂ ಸಂಭವಿಸಿತು. ಬಿಸಿಲಿನ ಹೊಡೆತಕ್ಕೆ ಸಿಕ್ಕಿ ಹಾನರು ತೀವ್ರವಾಗಿ ಕಾಯಿಲೆ ಬಿದ್ದರು. ಅದರ ಪರಿಣಾಮ ಅವರನ್ನು ಜೀವನಪರ್ಯಂತ ಬಿಡಲಿಲ್ಲ. ತಲೆಯ ಶಸ್ತ್ರಚಿಕಿತ್ಸೆಯಾಯಿತು. ಬೆಳಕನ್ನು ಸಹಿಸಲಾರದೆ ದೀರ್ಘಕಾಲ ಕತ್ತಲೆಯ ಕೋಣೆಯಲ್ಲಿ ಮಲಗಿರಬೇಕಾಯಿತು. ಮುಂದೆಯೂ ಅವರು ಬೇಸಗೆಯ ದಿನಗಳಲ್ಲಿ ಅಗಲವಾದ ಅಂಚುಳ್ಳ ಟೋಪಿಯಿಲ್ಲದೆ ಹೊರಗೆ ಕಾಲಿಡುತ್ತಿರಲಿಲ್ಲ. ಓಡಾಟವನ್ನೂ ಆಟವನ್ನೂ ಪ್ರೀತಿಸುತ್ತಿದ್ದ ಹದಿನೆಂಟರ ತರುಣನಿಗೆ ಇದು ಎಂತಹ ಸಂಕಟವೆಂಬುದನ್ನು ಊಹಿಸಬಹುದು. ಆದರೆ ಆ ಕತ್ತಲೆಯ ಕೋಣೆ ವ್ಯರ್ಥವಾಗಲಿಲ್ಲ. ಗ್ರೀಕ್ ತತ್ತ್ವಜ್ಞಾನಿ ಪ್ಲೇಟೊವಿನ ಗ್ರಂಥಗಳನ್ನು ಓದಿ ಅರಗಿಸಿಕೊಂಡಿದ್ದ ಹಾನರು, ತಾವು ಮುಂದೆ ಕಟ್ಟಬೇಕಾದ ಶಾಲೆಯ ರೂಪರೇಖೆಯನ್ನು ಅಲ್ಲಿಯೇ ಮನಸ್ಸಿನಲ್ಲಿ ಬಿಡಿಸಿಕೊಂಡರು. ಯಾವ ಶಾಲೆಯಲ್ಲಿ ಬೆಳಗಿನ ಹೊತ್ತು ಮಕ್ಕಳೆಲ್ಲ ಬಯಲಿನಲ್ಲಿ ಓಡುವರೋ ಅಂತಹ ಶಾಲೆಯ ಕಲ್ಪನೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಮೂಡಿತು.

ಆಕ್ಸ್‌ಫರ್ಡ್, ಬರ್ಲಿನ್, ಹೈಡಲ್‌ಬರ್ಗ್, ಫ್ರೈಬರ್ಗ್, ಗಟಿಂಗೆನ್ ಹೀಗೆ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಅವರ ಉಚ್ಚ ವ್ಯಾಸಂಗ ಸಾಗಿತು. ಅನಾರೋಗ್ಯದ ಕಾರಣದಿಂದ ಅದು ತುಂಡುತುಂಡಾಯಿತು. ಆಕ್ಸ್‌ಫರ್ಡಿನಲ್ಲಿದ್ದಾಗ ಬೇಸಗೆಯನ್ನು ತಂಪಾದ ಸ್ಕಾಟ್ಲೆಂಡಿನ ಮೋರೆ ಪ್ರಾಂತದಲ್ಲಿ ಕಳೆಯುತ್ತಿದ್ದರು. ಆ ನೆಲ ಮುಂದೆ ತಮಗೆ ಆಶ್ರಯವಾಗುವುದೆಂದು ಆಗ ಅವರಿಗೆ ತಿಳಿದಿರಲಾರದು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಹಾನರು ಜರ್ಮನಿಗೆ ಮರಳಿದರು. ಸೈನಿಕನಾಗಲು ಅವರ ದೇಹಸ್ಥಿತಿ ಒಪ್ಪಲಿಲ್ಲ. ಇಂಗ್ಲಿಷ್ ಪತ್ರಿಕೆಗಳನ್ನು ಓದಿ, ಶತ್ರುದೇಶದ ಜನಾಭಿಪ್ರಾಯವನ್ನು ಸರ್ಕಾರಕ್ಕೆ ತಿಳಿಸುವ ಕೆಲಸ ಅವರ ಪಾಲಿಗೆ ಬಂದಿತು. ಕದನದ ಉನ್ಮಾದದಲ್ಲಿ ಎರಡೂ ಕಡೆಯವರು ಪರಸ್ಪರರನ್ನು ರಾಕ್ಷಸರೆಂದು ಜರೆಯುತ್ತಿದ್ದ ಕಾಲವದು. ಎದುರಾಳಿಯೂ ನಮ್ಮಂತೆಯೇ ಯೋಚಿಸುವ ಮನುಷ್ಯನೆಂಬುದನ್ನು ಪ್ರತಿದಿನವೂ ಕಾಣಬೇಕಾದ ಕೆಲಸ ಹಾನರದು.

ಈ ಸಂದರ್ಭದಲ್ಲಿ ಅವರಿಗೆ ಬಾಡೆನ್ ಸಂಸ್ಥಾನದ ರಾಜಕುಮಾರ ಮ್ಯಾಕ್ಸ್ ಅವರ ಪರಿಚಯವಾಯಿತು. ಯುದ್ಧಕೈದಿಗಳ ಯೋಗಕ್ಷೇಮಕ್ಕಾಗಿ ದುಡಿಯುತ್ತಿದ್ದ ಉದಾರಿ ಅವರು. 1918ರ ಅಕ್ಟೋಬರಿನಲ್ಲಿ, ಸೋಲು ಖಚಿತವಾದ ಮೇಲೆ, ಮ್ಯಾಕ್ಸ್ ಅವರು ಜರ್ಮನಿಯ ಪ್ರಧಾನಿಯಾದರು. ಚಕ್ರವರ್ತಿಯ ಪದತ್ಯಾಗವನ್ನು ಪ್ರಕಟಿಸಿ ಐದು ವಾರಗಳಲ್ಲಿ ಅಧಿಕಾರದಿಂದ ಇಳಿದರು. ಅವರ ಬಳಿ ಹಾನರು ಕಾರ್ಯದರ್ಶಿಯಾಗಿದ್ದರು. ಯುದ್ಧಾನಂತರ ವರ್ಸೇಲ್ಸ್ ಸಂಧಾನಕ್ಕೆ ಹೋದ ಜರ್ಮನ್ ನಿಯೋಗದಲ್ಲಿಯೂ ಅವರಿದ್ದರು. ರಾಜಕೀಯದಿಂದ ದೇಶವನ್ನು ಎತ್ತಿ ನಿಲ್ಲಿಸುವ ಆಸೆ ಆ ಇಬ್ಬರಿಗೂ ಕಮರಿತ್ತು. ಉಳಿದದ್ದು ಮಕ್ಕಳು.

ಸಾಲೆಮ್ ಹನ್ನೆರಡನೆಯ ಶತಮಾನದಲ್ಲಿ ಕ್ರೈಸ್ತ ಸನ್ಯಾಸಿಗಳು ಸ್ಥಾಪಿಸಿದ ಮಠ. ಕಾಲಾಂತರದಲ್ಲಿ ಅದು ಬಾಡೆನ್ ರಾಜಮನೆತನದ ಸ್ವತ್ತಾಗಿತ್ತು. ಮ್ಯಾಕ್ಸ್ ಅವರು ತಮ್ಮ ಆ ಅರಮನೆಯ ಒಂದು ಭಾಗವನ್ನು ಬಿಟ್ಟುಕೊಟ್ಟರು. 1920ರಲ್ಲಿ ಬೆರಳೆಣಿಕೆಯ ಮಕ್ಕಳೊಡನೆ ಅಲ್ಲಿ ಶಾಲೆ ಆರಂಭವಾಯಿತು. ಹಿರಿಯ ಶಿಕ್ಷಣತಜ್ಞ ಕಾರ್ಲ್ ರೈನ್‌ಹಾರ್ಟ್ ಅವರೂ ಮರೀನಾ ಎವಾಲ್ಡ್ ಎಂಬ ವಿದುಷಿಯೂ ಹಾನರ ಜೊತೆಗೂಡಿದರು. ಬಾಲಕರೂ ಬಾಲಕಿಯರೂ ಒಟ್ಟಿಗೆ ಕಲಿಯುವ ಏರ್ಪಾಡು ಅಲ್ಲಿತ್ತು.

ಸಾಲೆಮಿನ ದಿನಚರಿ ಬೇರೆ ಶಾಲೆಗಳಂತಿರಲಿಲ್ಲ. ಬೆಳಗ್ಗೆ ಎದ್ದೊಡನೆ ಓಟ, ತಣ್ಣೀರಿನ ಸ್ನಾನ. ಪಾಠಗಳ ನಡುವೆ ಒಂದು ವಿರಾಮ; ಆಗ ಎಲ್ಲರೂ ಬಯಲಿಗಿಳಿದು ಓಡಬೇಕು, ಹಾರಬೇಕು, ಭರ್ಜಿ ಎಸೆಯಬೇಕು. ಇಲ್ಲಿ ಸ್ಪರ್ಧೆ ಮತ್ತೊಬ್ಬನೊಡನಲ್ಲ, ತನ್ನ ನಿನ್ನೆಯ ಅಳತೆಯೊಡನೆ. ನಿನ್ನೆ ಮೂರು ಅಡಿ ಹಾರಿದವನು ಇಂದು ಒಂದು ಅಂಗುಲ ಹೆಚ್ಚಿಗೆ ಹಾರಿದರೆ ಅದು ಗೆಲುವು. ದಪ್ಪ ಮೈಯ ಹುಡುಗನೂ ಅಂಜುಬುರುಕನೂ ಈ ಲೆಕ್ಕದಲ್ಲಿ ಗೆಲ್ಲಬಲ್ಲವರಾಗಿದ್ದರು. ಪ್ರತಿಯೊಬ್ಬ ವಿದ್ಯಾರ್ಥಿಯ ಬಳಿಯೂ ಒಂದು ಪಟ್ಟಿಯಿರುತ್ತಿತ್ತು. ದಿನದ ನೇಮಗಳನ್ನು ಪಾಲಿಸಿದೆನೇ ಇಲ್ಲವೇ ಎಂಬುದನ್ನು ರಾತ್ರಿ ಆತನೇ ಗುರುತು ಹಾಕಿಕೊಳ್ಳಬೇಕು. ಗುರುಗಳು ಅದನ್ನು ಪರಿಶೀಲಿಸುವಂತಿರಲಿಲ್ಲ. ಸುಳ್ಳು ಗುರುತು ಹಾಕಿದರೆ ಕೇಳುವವರಿಲ್ಲ. ಹಾಕಿದವನಿಗೆ ಮಾತ್ರ ಅದು ಗೊತ್ತು. ನಂಬಿಕೆಯನ್ನು ಕೊಡದೆ ನಂಬಿಕಸ್ಥರನ್ನು ಬೆಳೆಸಲಾಗದೆಂಬುದು ಹಾನರ ನಿಲುವು.

ಶಾಲೆಗೆ ಅವರು ಏಳು ಸೂತ್ರಗಳನ್ನು ರೂಪಿಸಿದರು. ಮಗು ತನ್ನ ಶಕ್ತಿಯನ್ನು ತಾನೇ ಕಂಡುಕೊಳ್ಳಬೇಕು. ಗೆಲುವನ್ನು ಉಣ್ಣುವಂತೆ ಸೋಲನ್ನೂ ಉಣ್ಣಬೇಕು. ಎಲ್ಲರ ಹಿತದ ಕಾರ್ಯದಲ್ಲಿ ತನ್ನನ್ನು ಮರೆಯಬೇಕು. ದಿನದಲ್ಲಿ ಸ್ವಲ್ಪ ಹೊತ್ತು ಮೌನವಿರಬೇಕು. ಇವೆಲ್ಲ ಬೇರೆಯವರೂ ಹೇಳಬಹುದಾದ ಮಾತುಗಳು. ಏಳನೆಯದು ಮಾತ್ರ ಹೇಳಲು ಧೈರ್ಯ ಬೇಕಾದದ್ದು. ಸಿರಿವಂತರ ಮತ್ತು ಅಧಿಕಾರಸ್ಥರ ಮಕ್ಕಳನ್ನು ತಾವು ದೊಡ್ಡವರೆಂಬ ಭಾವನೆಯಿಂದ ಬಿಡಿಸಬೇಕು, ಆ ಭಾವನೆ ಮನುಷ್ಯನ ಸತ್ವವನ್ನು ಹೀರಿಬಿಡುತ್ತದೆ ಎಂಬುದು ಅದರ ಸಾರ. ಶಾಲೆಯ ಶುಲ್ಕವನ್ನು ಕೊಡುತ್ತಿದ್ದವರು ಬಹುಮಟ್ಟಿಗೆ ಸಿರಿವಂತರೇ ಎಂಬುದನ್ನು ಇಲ್ಲಿ ನೆನೆಯಬೇಕು. ಬಡ ಕುಟುಂಬಗಳ ಮಕ್ಕಳು ಅವರ ಪಕ್ಕದಲ್ಲಿ ಕುಳಿತು ಕಲಿಯಬೇಕೆಂದು ಹಾನರು ವಿದ್ಯಾರ್ಥಿವೇತನಗಳನ್ನು ಏರ್ಪಡಿಸಿದರು.

ಶಾಲೆ ಬೆಳೆಯುತ್ತಿದ್ದಂತೆ ದೇಶದ ಆಕಾಶ ಕಪ್ಪಾಗುತ್ತಿತ್ತು. ಹಿಟ್ಲರನ ನಾಜಿ ಪಕ್ಷ ದಿನದಿನಕ್ಕೆ ಬಲಿಯುತ್ತಿತ್ತು. 1932ರ ಆಗಸ್ಟ್ ತಿಂಗಳಲ್ಲಿ ಪೊಟೆಂಪಾ ಎಂಬ ಹಳ್ಳಿಯಲ್ಲಿ ನಾಜಿ ಪಡೆಯವರು ರಾತ್ರಿ ಒಬ್ಬ ಕಾರ್ಮಿಕನ ಮನೆಗೆ ನುಗ್ಗಿ ಅವನನ್ನು ತಾಯಿಯ ಕಣ್ಣೆದುರಿನಲ್ಲಿಯೇ ತುಳಿದು ಕೊಂದರು. ಆತ ಅವರ ವಿರೋಧಪಕ್ಷದವನೆಂಬುದೇ ಅವನ ಅಪರಾಧ. ನ್ಯಾಯಾಲಯ ಐವರಿಗೆ ಮರಣದಂಡನೆ ವಿಧಿಸಿತು. ಹಿಟ್ಲರನು ಆ ಕೊಲೆಗಾರರನ್ನು ತನ್ನ ಸಂಗಾತಿಗಳೆಂದು ಕರೆದು, ಅವರ ಬೆಂಬಲಕ್ಕೆ ತಾನಿರುವುದಾಗಿ ತಂತಿ ಕಳುಹಿಸಿದನು.

ಬಹುಮಂದಿ ದೊಡ್ಡವರು ಅಂದು ಮೌನವಾಗಿದ್ದರು. ಹಾನರೂ ಮೌನವಾಗಿರಬಹುದಿತ್ತು. ಅವರು ಯಹೂದಿ, ಶಾಲೆಯ ಅಳಿವು ಉಳಿವು ಸರ್ಕಾರದ ಕೈಯಲ್ಲಿ, ಪೋಷಕರಲ್ಲಿ ನಾಜಿ ಪಕ್ಷದ ಅಭಿಮಾನಿಗಳೂ ಇದ್ದರು. ಆದರೂ ಅವರು ಸಾಲೆಮಿನ ಹಳೆಯ ವಿದ್ಯಾರ್ಥಿಗಳಿಗೆಲ್ಲ ಒಂದು ಪತ್ರ ಬರೆದರು. ಸಾಲೆಮ್ ಮತ್ತು ಹಿಟ್ಲರ್ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ನಾಜಿ ಪಡೆಗಳಲ್ಲಿ ಇರಬಯಸುವವರು ಶಾಲೆಯೊಡನೆ ಸಂಬಂಧವನ್ನು ಕಡಿದುಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಗುರುವು ಶಿಷ್ಯರ ಮುಂದೆ ಇಟ್ಟ ಅತ್ಯಂತ ಕಠಿಣವಾದ ಪ್ರಶ್ನೆಪತ್ರಿಕೆ ಅದು. ಉತ್ತರಕ್ಕೆ ಅಂಕಗಳಿರಲಿಲ್ಲ, ಅಪಾಯವಿತ್ತು.

1933ರ ಜನವರಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಮಾರ್ಚ್ ತಿಂಗಳಲ್ಲಿ ಹಾನರ ಬಂಧನವಾಯಿತು. ಈ ಸುದ್ದಿ ಬ್ರಿಟನ್ನಿನಲ್ಲಿದ್ದ ಅವರ ಮಿತ್ರರಿಗೆ ಮುಟ್ಟಿತು. ಅಲ್ಲಿಯ ಪ್ರಧಾನಿ ರ್‍ಯಾಮ್ಸೆ ಮ್ಯಾಕ್‌ಡೊನಾಲ್ಡ್ ಅವರೇ ಮಧ್ಯೆ ಪ್ರವೇಶಿಸಿದರು. ಕೆಲವು ದಿನಗಳಲ್ಲಿ ಬಿಡುಗಡೆಯಾಯಿತು. ಆದರೆ ಬಾಡೆನ್ ಪ್ರಾಂತಕ್ಕೆ ಕಾಲಿಡಕೂಡದೆಂಬ ಆಜ್ಞೆಯೂ ಬಂದಿತು. ಹದಿಮೂರು ವರ್ಷ ಕಟ್ಟಿ ಬೆಳೆಸಿದ ಶಾಲೆಯ ಬಾಗಿಲು ಅವರಿಗೆ ಮುಚ್ಚಿತು. ಅದೇ ವರ್ಷದ ಜುಲೈ ತಿಂಗಳಲ್ಲಿ, ನಲವತ್ತೇಳರ ವಯಸ್ಸಿನಲ್ಲಿ, ಅವರು ನಿರಾಶ್ರಿತರಾಗಿ ಇಂಗ್ಲೆಂಡಿಗೆ ಬಂದಿಳಿದರು.

ಮೊದಮೊದಲು ಹಾನರಿಗೆ ದಿಕ್ಕು ತೋಚಲಿಲ್ಲ. ಸಾಲೆಮನ್ನು ಕಳೆದುಕೊಂಡ ದುಃಖ ಅವರನ್ನು ಬಹಳ ಕುಗ್ಗಿಸಿತ್ತು. ಗೆಳೆಯರ ಒತ್ತಾಸೆಯಿಂದ, ತಾರುಣ್ಯದಲ್ಲಿ ಬೇಸಗೆಗಳನ್ನು ಕಳೆದಿದ್ದ ಮೋರೆ ಪ್ರಾಂತಕ್ಕೆ ಹೋದರು. ಅಲ್ಲಿ ಗಾರ್ಡನ್‌ಸ್ಟನ್ ಎಂಬ ಹಳೆಯ ಬಂಗಲೆಯೊಂದು ಬಾಡಿಗೆಗೆ ದೊರೆಯಿತು. ಅದರ ಆವರಣದಲ್ಲಿ ಹದಿನೇಳನೆಯ ಶತಮಾನದ ವರ್ತುಲಾಕಾರದ ಕಟ್ಟಡವೊಂದಿದೆ. ಅದನ್ನು ಕಟ್ಟಿಸಿದ ಜಮೀನುದಾರನು ಸೈತಾನನಿಗೆ ಹೆದರಿ, ಅಡಗಿ ಕೂರಲು ಮೂಲೆಯೇ ಇಲ್ಲದಂತೆ ಗುಂಡಗೆ ಕಟ್ಟಿಸಿದನೆಂದು ಊರವರು ಕಥೆ ಹೇಳುತ್ತಾರೆ. 1934ರಲ್ಲಿ ಅಲ್ಲಿ ಹಾನರ ಎರಡನೆಯ ಶಾಲೆ ಆರಂಭವಾಯಿತು. ಸಾಲೆಮಿನಲ್ಲಿ ಕಲಿಯುತ್ತಿದ್ದ ಗ್ರೀಸ್ ದೇಶದ ರಾಜಕುಮಾರ ಫಿಲಿಪ್ ಮೊದಲ ವಿದ್ಯಾರ್ಥಿಗಳಲ್ಲೊಬ್ಬ. ಮುಂದೆ ರಾಣಿ ಎರಡನೆಯ ಎಲಿಜಬೆತ್ ಅವರ ಪತಿಯಾದ ಆ ಫಿಲಿಪ್ 2021ರಲ್ಲಿ ನಿಧನರಾದರು.

ಗಾರ್ಡನ್‌ಸ್ಟನ್ ಶಾಲೆಗೆ ಕಡಲು ಒಂದು ತರಗತಿಯಾಯಿತು. ಹುಡುಗರು ದೋಣಿ ನಡೆಸಲು ಕಲಿತರು. ಸಮುದ್ರತೀರದಲ್ಲಿ ಕಾವಲು ಗುಡಿಸಲೊಂದನ್ನು ಕಟ್ಟಿಕೊಂಡು, ಬಿರುಗಾಳಿಯ ರಾತ್ರಿಗಳಲ್ಲಿ ಸರದಿಯ ಪ್ರಕಾರ ಕಾವಲು ಕಾದರು. ಯಾವುದಾದರೂ ಹಡಗು ಅಪಾಯಕ್ಕೆ ಸಿಕ್ಕಿದರೆ ಸುದ್ದಿ ಮುಟ್ಟಿಸುವ ಹೊಣೆ ಅವರದು. ಹದಿನಾರು ವರ್ಷದ ಹುಡುಗನಿಗೆ ಇಂತಹ ಹೊಣೆಯನ್ನು ವಹಿಸಬಹುದೇ ಎಂದು ಅನೇಕರು ಹುಬ್ಬೇರಿಸಿದರು. ವಹಿಸದಿದ್ದರೆ ಅವನು ಹೊಣೆಗಾರನಾಗುವುದು ಯಾವಾಗ ಎಂಬುದು ಹಾನರ ವಿಚಾರ. ಪರರ ಪ್ರಾಣವನ್ನು ಉಳಿಸುವ ಕಾರ್ಯದಲ್ಲಿ ತೊಡಗಿದ ಯುವಕನಿಗೆ ಯುದ್ಧದ ರೋಮಾಂಚ ಬೇಕಾಗದೆಂದು ಅವರು ನಂಬಿದ್ದರು. ಹಿಟ್ಲರನು ತರುಣರ ಸಾಹಸಪ್ರಿಯತೆಯನ್ನು ಹೇಗೆ ಬಳಸಿಕೊಂಡನೆಂಬುದನ್ನು ಕಣ್ಣಾರೆ ಕಂಡವರು ಅವರು.

ಈ ಕಟ್ಟುನಿಟ್ಟು ಎಲ್ಲ ಮಕ್ಕಳಿಗೂ ಹಿಡಿಸಿತೆಂದು ಹೇಳುವಂತಿಲ್ಲ. ಚಳಿಗಾಲದ ಮುಂಜಾನೆಯ ಓಟವೂ ತಣ್ಣೀರಿನ ಸ್ನಾನವೂ ಕೆಲವರಿಗೆ ಶಿಕ್ಷೆಯಾಗಿಯೇ ಕಂಡಿತು. ಮೃದುಸ್ವಭಾವದ, ಏಕಾಂತಪ್ರಿಯರಾದ ಮಕ್ಕಳಿಗೆ ಅಲ್ಲಿಯ ಜೀವನ ಒರಟಾಗಿತ್ತೆಂಬ ಟೀಕೆ ಹಾನರ ಕಾಲದಲ್ಲಿಯೂ ಇತ್ತು, ಆಮೇಲೂ ಉಳಿಯಿತು. ಆ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಒಬ್ಬ ಮಗುವನ್ನು ಅರಳಿಸುವ ಗಾಳಿ ಇನ್ನೊಂದನ್ನು ಬಾಡಿಸಬಹುದು. ಹಾನರಂತಹ ದೃಢನಿಶ್ಚಯದವರಿಗೆ ಇದು ಸುಲಭವಾಗಿ ಕಾಣುವುದಿಲ್ಲ.

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಹಾನರು ಅದಕ್ಕೆ ಒಂದು ವರ್ಷ ಮೊದಲೇ ಬ್ರಿಟಿಷ್ ಪ್ರಜೆಯಾಗಿದ್ದರು. ಶಾಲೆಯ ಕಟ್ಟಡಗಳನ್ನು ಸೈನ್ಯ ವಹಿಸಿಕೊಂಡದ್ದರಿಂದ 1940ರಲ್ಲಿ ಶಾಲೆ ವೇಲ್ಸಿಗೆ ಸ್ಥಳಾಂತರವಾಯಿತು. ಆಗ ಅವರಿಗೆ ಲಾರೆನ್ಸ್ ಹೋಲ್ಟ್ ಎಂಬ ಹಡಗು ಕಂಪನಿಯ ಒಡೆಯರ ನೆರವು ದೊರೆಯಿತು. ಹೋಲ್ಟರಿಗೆ ಒಂದು ಚಿಂತೆಯಿತ್ತು. ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಬ್ರಿಟನ್ನಿನ ವ್ಯಾಪಾರದ ಹಡಗುಗಳನ್ನು ಮುಳುಗಿಸುತ್ತಿದ್ದವು. ಬದುಕುಳಿದವರು ಸಣ್ಣ ದೋಣಿಗಳಲ್ಲಿ ದಿನಗಟ್ಟಲೆ ತೇಲಬೇಕಾಗುತ್ತಿತ್ತು. ಅಲ್ಲಿ ಸಾಯುತ್ತಿದ್ದವರು ಮುದುಕರಲ್ಲ, ಗಟ್ಟಿಮುಟ್ಟಾದ ತರುಣರು. ಹಾಯಿಹಡಗುಗಳ ಕಾಲದಲ್ಲಿ ಗಾಳಿ ಅಲೆಗಳೊಡನೆ ಹೆಣಗಿದ್ದ ಹಳೆಯ ನಾವಿಕರು ಹಸಿವು ಚಳಿಗಳನ್ನು ತಾಳಿಕೊಂಡು ದಡ ಸೇರುತ್ತಿದ್ದರು. ಕೊರತೆಯಿದ್ದದ್ದು ತೋಳಿನ ಬಲದಲ್ಲಲ್ಲ, ತಾನು ಬದುಕಬಲ್ಲೆನೆಂಬ ಭರವಸೆಯಲ್ಲಿ.

1941ರಲ್ಲಿ ವೇಲ್ಸಿನ ಅಬರ್‌ಡೋವಿ ಎಂಬ ಕಡಲೂರಿನಲ್ಲಿ ಹಾನರೂ ಹೋಲ್ಟರೂ ಕೂಡಿ ಒಂದು ತರಬೇತಿ ಶಾಲೆಯನ್ನು ತೆರೆದರು. ಸುಮಾರು ನಾಲ್ಕು ವಾರಗಳ ಶಿಕ್ಷಣ: ದೋಣಿಯಾನ, ಬೆಟ್ಟವೇರುವುದು, ಭೂಪಟದ ನೆರವಿನಿಂದ ದಾರಿ ಹುಡುಕುವುದು, ಪ್ರಾಣರಕ್ಷಣೆ. ನಾವಿಕರ ಮಕ್ಕಳೂ ಕಾರ್ಖಾನೆಯ ಹುಡುಗರೂ ಶಾಲೆಯ ವಿದ್ಯಾರ್ಥಿಗಳೂ ಒಂದೇ ತಂಡದಲ್ಲಿ ಸೇರಿದರು. ಬಂದರನ್ನು ಬಿಟ್ಟು ಕಡಲಿಗೆ ಹೊರಟ ಹಡಗಿಗೆ ನಾವಿಕರು ಬಳಸುವ ಔಟ್‌ವರ್ಡ್ ಬೌಂಡ್ ಎಂಬ ಮಾತನ್ನೇ ಹೋಲ್ಟರು ಆ ಶಾಲೆಗೆ ಹೆಸರಾಗಿಟ್ಟರು. ಯುದ್ಧ ಮುಗಿದ ಮೇಲೂ ಅದು ನಿಲ್ಲಲಿಲ್ಲ. ಅನೇಕ ದೇಶಗಳಿಗೆ ಹರಡಿತು. ಮೋರೆ ಪ್ರಾಂತದ ಮಕ್ಕಳಿಗಾಗಿ ಹಾನರು 1936ರಲ್ಲಿ ಆರಂಭಿಸಿದ್ದ ಪದಕದ ಯೋಜನೆಯೇ 1956ರಲ್ಲಿ ಶಿಷ್ಯ ಫಿಲಿಪ್ ಅವರ ಹೆಸರಿನಲ್ಲಿ ಎಡಿನ್‌ಬರೊ ಡ್ಯೂಕ್ ಪ್ರಶಸ್ತಿಯೆಂಬ ದೊಡ್ಡ ಯೋಜನೆಯಾಗಿ ರೂಪುಗೊಂಡಿತು.

1953ರಲ್ಲಿ ಆರೋಗ್ಯ ಕೆಟ್ಟು ಹಾನರು ಗಾರ್ಡನ್‌ಸ್ಟನ್ ಶಾಲೆಯಿಂದ ನಿವೃತ್ತರಾದರು. ಸಾಲೆಮಿನ ಸಮೀಪದ ಹರ್ಮನ್ಸ್‌ಬರ್ಗಿನಲ್ಲಿ ನೆಲೆಸಿದರು. ಯುದ್ಧಾನಂತರ ಮರೀನಾ ಎವಾಲ್ಡ್ ಅವರು ಸಾಲೆಮ್ ಶಾಲೆಯ ಬಾಗಿಲನ್ನು ಮತ್ತೆ ತೆರೆದಿದ್ದರು. ಅರವತ್ತೇಳರ ವಯಸ್ಸು, ಬಳಲಿದ ದೇಹ; ಇನ್ನು ವಿಶ್ರಾಂತಿಯೆಂದು ಯಾರಾದರೂ ತಿಳಿಯಬಹುದಿತ್ತು. ಆದರೆ ಅವರ ಮೂರನೆಯ ಶಾಲೆ ಇನ್ನೂ ಹುಟ್ಟಬೇಕಾಗಿತ್ತು.

1955ರಲ್ಲಿ ಅವರು ಪ್ಯಾರಿಸಿನಲ್ಲಿದ್ದ ನ್ಯಾಟೊ ರಕ್ಷಣಾ ಕಾಲೇಜಿಗೆ ಭೇಟಿ ಕೊಟ್ಟರು. ಹತ್ತು ವರ್ಷಗಳ ಹಿಂದೆ ಪರಸ್ಪರ ಬಂದೂಕು ಹಿಡಿದು ನಿಂತಿದ್ದ ದೇಶಗಳ ಸೇನಾಧಿಕಾರಿಗಳು ಅಲ್ಲಿ ಒಂದೇ ಸೂರಿನಡಿ ವಾಸಿಸಿ, ಒಂದೇ ಮೇಜಿನ ಸುತ್ತ ಕುಳಿತು ಕಲಿಯುತ್ತಿದ್ದರು. ಹಾನರ ಮನಸ್ಸಿನಲ್ಲಿ ಮಿಂಚೊಂದು ಹೊಳೆಯಿತು. ನಡುವಯಸ್ಸಿನ ಸೈನಿಕರಿಗೆ ಸಾಧ್ಯವಾದದ್ದು ಹದಿನಾರು ಹದಿನೆಂಟರ ಹುಡುಗರಿಗೆ ಏಕೆ ಸಾಧ್ಯವಾಗಬಾರದು? ದ್ವೇಷ ಬೇರೂರುವುದಕ್ಕೆ ಮೊದಲೇ ಅವರನ್ನು ಒಂದೆಡೆ ಕೂಡಿಸಿದರೆ? ಆ ಕಾಲೇಜಿನ ಮುಖ್ಯಸ್ಥರಾಗಿದ್ದ ಏರ್ ಮಾರ್ಷಲ್ ಲಾರೆನ್ಸ್ ಡಾರ್ವಲ್ ಅವರು ಈ ವಿಚಾರಕ್ಕೆ ಬೆಂಬಲವಾಗಿ ನಿಂತರು. ಹಣಕ್ಕಾಗಿ ಏಳು ವರ್ಷ ಅಲೆದಾಟವಾಯಿತು. ಆಂಟನಿನ್ ಬೆಸ್ ಎಂಬ ದಾನಿ ವೇಲ್ಸಿನ ಸೇಂಟ್ ಡೊನಾಟ್ಸ್ ಕೋಟೆಯನ್ನು ಕೊಂಡು ಕೊಟ್ಟರು. 1962ರ ಸೆಪ್ಟೆಂಬರಿನಲ್ಲಿ 56 ವಿದ್ಯಾರ್ಥಿಗಳೊಡನೆ ಅಟ್ಲಾಂಟಿಕ್ ಕಾಲೇಜು ಅಲ್ಲಿ ಆರಂಭವಾಯಿತು. ನೌಕಾಪಡೆಯ ಅಧಿಕಾರಿಯಾಗಿದ್ದ ಡೆಸ್ಮಂಡ್ ಹೋರ್ ಅದರ ಮೊದಲ ಮುಖ್ಯೋಪಾಧ್ಯಾಯರು. 1967ರಿಂದ ವಿದ್ಯಾರ್ಥಿನಿಯರಿಗೂ ಪ್ರವೇಶ ದೊರೆಯಿತು.

ಇಲ್ಲಿ ಒಂದು ತೊಡಕು ಎದುರಾಯಿತು. ಶಾಲೆಯ ಕೊನೆಯ ಎರಡು ವರ್ಷಗಳು, ಎಂದರೆ ನಮ್ಮ ಪದವಿಪೂರ್ವ ತರಗತಿಗಳಿಗೆ ಸಮಾನವಾದ ವರ್ಷಗಳು, ವಿದ್ಯಾರ್ಥಿಯನ್ನು ವಿಶ್ವವಿದ್ಯಾನಿಲಯದ ಹೊಸ್ತಿಲಿಗೆ ತಂದು ನಿಲ್ಲಿಸುತ್ತವೆ. ಆದರೆ ಆ ಹೊಸ್ತಿಲು ದೇಶದೇಶಕ್ಕೆ ಬೇರೆ. ಬ್ರಿಟನ್ನಿನ ಪರೀಕ್ಷೆಯಲ್ಲಿ ತೇರ್ಗಡೆಯಾದವನನ್ನು ಜರ್ಮನಿಯ ವಿಶ್ವವಿದ್ಯಾನಿಲಯ ಒಪ್ಪಿಕೊಳ್ಳಲು ಹಿಂಜರಿಯುತ್ತಿತ್ತು. ಫ್ರಾನ್ಸಿನ ಪಾಠಕ್ರಮ ಅಮೆರಿಕಕ್ಕೆ ಹೊಂದುತ್ತಿರಲಿಲ್ಲ. ಹಲವು ದೇಶಗಳ ಮಕ್ಕಳು ಒಟ್ಟಿಗೆ ಉಣ್ಣಬಹುದು, ಆಡಬಹುದು. ಪುಸ್ತಕ ತೆರೆದೊಡನೆ ಬೇರೆಬೇರೆ ಕೋಣೆಗಳಿಗೆ ಹೋಗಬೇಕು ಎಂಬಂತಹ ಸ್ಥಿತಿ.

ಇದೇ ತೊಡಕಿನಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಅಂತರರಾಷ್ಟ್ರೀಯ ಶಾಲೆಯ ಅಧ್ಯಾಪಕರೂ ಸಿಲುಕಿದ್ದರು. ರಾಷ್ಟ್ರಸಂಘದ ನೌಕರರ ಮಕ್ಕಳಿಗಾಗಿ 1924ರಲ್ಲಿ ಸ್ಥಾಪನೆಯಾದ ಶಾಲೆ ಅದು. ಎಲ್ಲ ದೇಶಗಳೂ ಒಪ್ಪುವಂತಹ ಒಂದೇ ಪರೀಕ್ಷೆಯನ್ನು ರೂಪಿಸುವ ಕಾರ್ಯವನ್ನು ಅವರು 1960ರ ದಶಕದ ಆದಿಯಲ್ಲಿ ಕೈಗೆತ್ತಿಕೊಂಡರು. ಆಕ್ಸ್‌ಫರ್ಡಿನ ಶಿಕ್ಷಣ ವಿಭಾಗದ ಮುಖ್ಯಸ್ಥರಾಗಿದ್ದ ಅಲೆಕ್ ಪೀಟರ್‌ಸನ್ ಅವರು ಅದಕ್ಕೆ ನಾಯಕರಾಗಿ ದೊರೆತರು. ಅಟ್ಲಾಂಟಿಕ್ ಕಾಲೇಜಿನ ಪಾಠಕ್ರಮದ ವಿಚಾರದಲ್ಲಿಯೂ ಅವರ ಸಲಹೆಯಿತ್ತು. ಹೀಗೆ ಜಿನೀವಾದ ತೊರೆಯೂ ವೇಲ್ಸಿನ ತೊರೆಯೂ ಕೂಡಿಕೊಂಡವು. 1968ರಲ್ಲಿ ಜಿನೀವಾದಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಸಂಸ್ಥೆ ವಿಧ್ಯುಕ್ತವಾಗಿ ಸ್ಥಾಪನೆಯಾಯಿತು. 1971ರಲ್ಲಿ ಅಟ್ಲಾಂಟಿಕ್ ಕಾಲೇಜು ಬ್ರಿಟನ್ನಿನ ಪರೀಕ್ಷೆಯನ್ನು ಬಿಟ್ಟು ಈ ಹೊಸ ಡಿಪ್ಲೊಮಾ ಶಿಕ್ಷಣವನ್ನು ಪೂರ್ಣವಾಗಿ ಅಂಗೀಕರಿಸಿತು. ಹಾಗೆ ಮಾಡಿದ ಮೊದಲ ಶಾಲೆ ಅದೇ.

ಈ ಡಿಪ್ಲೊಮಾದ ಪಠ್ಯವನ್ನು ಹಾನರು ಬರೆದರೆಂದು ಹೇಳುವುದು ಸರಿಯಲ್ಲ. ಅದು ಪೀಟರ್‌ಸನ್ ಮತ್ತು ಜಿನೀವಾದ ಅಧ್ಯಾಪಕರ ಪರಿಶ್ರಮ. ವ್ಯಾಸಂಗದ ಭಾರವೂ ಅಲ್ಪವಲ್ಲ. ವಿದ್ಯಾರ್ಥಿ ಎರಡು ವರ್ಷಗಳಲ್ಲಿ ಆರು ವಿಷಯಗಳನ್ನು ಕಲಿಯಬೇಕು. ಅವುಗಳಲ್ಲಿ ಸಾಮಾನ್ಯವಾಗಿ ಮೂರು ಉನ್ನತ ಮಟ್ಟದವು. ವಿಜ್ಞಾನವನ್ನು ಆರಿಸಿಕೊಂಡವನು ಸಾಹಿತ್ಯವನ್ನು ಬಿಡುವಂತಿಲ್ಲ. ಸಾಹಿತ್ಯಪ್ರಿಯನು ಗಣಿತದಿಂದ ತಪ್ಪಿಸಿಕೊಳ್ಳುವಂತಿಲ್ಲ. ತಾಯ್ನುಡಿಯಲ್ಲದ ಇನ್ನೊಂದು ಭಾಷೆಯನ್ನೂ ಕಲಿಯಬೇಕು. ಒಂದೊಂದು ವಿಷಯಕ್ಕೆ ಗರಿಷ್ಠ 7 ಅಂಕ. ಇವುಗಳ ಜೊತೆಗೆ, ನಮಗೆ ತಿಳಿದಿದೆಯೆಂದು ನಾವು ಹೇಳುವುದು ನಿಜವಾಗಿಯೂ ತಿಳಿದಿದೆಯೇ ಎಂದು ವಿಚಾರಿಸುವ ಜ್ಞಾನಮೀಮಾಂಸೆಯ ಪಾಠವೂ, ಸ್ವಂತ ಸಂಶೋಧನೆಯಿಂದ ಬರೆದ ಒಂದು ದೀರ್ಘ ಪ್ರಬಂಧವೂ ಇವೆ. ಅವೆರಡಕ್ಕೆ ಸೇರಿ 3 ಅಂಕಗಳು. ಒಟ್ಟು 45.

ಹಾನರ ಮುದ್ರೆಯಿರುವುದು ಅಂಕಗಳೇ ಇಲ್ಲದ ಒಂದು ಭಾಗದಲ್ಲಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲೆಯಲ್ಲಿ, ದೈಹಿಕ ಚಟುವಟಿಕೆಯಲ್ಲಿ, ಸಮಾಜಸೇವೆಯಲ್ಲಿ ತೊಡಗಬೇಕೆಂಬುದು ಅಲ್ಲಿಯ ನಿಯಮ. ಅದಕ್ಕೆ ಪರೀಕ್ಷೆಯಿಲ್ಲ, ದರ್ಜೆಯಿಲ್ಲ. ಆದರೆ ಅದನ್ನು ಪೂರೈಸದವನು ಉಳಿದುದರಲ್ಲಿ 45ಕ್ಕೆ 45 ಪಡೆದಿದ್ದರೂ ಅವನಿಗೆ ಡಿಪ್ಲೊಮಾ ದೊರೆಯುವುದಿಲ್ಲ. ಸಾಲೆಮಿನ ಆ ಪಟ್ಟಿ, ಮೋರೆ ತೀರದ ಆ ಕಾವಲು ಗುಡಿಸಲು ಇಲ್ಲಿ ಬೇರೊಂದು ರೂಪದಲ್ಲಿ ಉಳಿದುಕೊಂಡಿವೆ.

ಅಟ್ಲಾಂಟಿಕ್ ಕಾಲೇಜಿನಲ್ಲಿ ಈ ಸೇವೆ ಕಾಗದದ ಮಾತಾಗಿರಲಿಲ್ಲ. ಕೋಟೆಯ ಕೆಳಗಿನ ಕಡಲು ಬಲು ಪ್ರಕ್ಷುಬ್ಧ. ಅಲ್ಲಿ ಅಪಾಯಕ್ಕೊಳಗಾದವರನ್ನು ಕಾಪಾಡಲು ವಿದ್ಯಾರ್ಥಿಗಳು ರಕ್ಷಣಾತಂಡಗಳನ್ನು ಕಟ್ಟಿಕೊಂಡರು. ಸಾಮಾನ್ಯ ದೋಣಿಗಳು ಆ ಅಲೆಗಳಿಗೆ ನಿಲ್ಲಲಿಲ್ಲ. ಹೋರ್ ಅವರೂ ವಿದ್ಯಾರ್ಥಿಗಳೂ ಸೇರಿ, ಗಟ್ಟಿಯಾದ ತಳಕ್ಕೆ ಗಾಳಿ ತುಂಬಿದ ಅಂಚುಗಳನ್ನು ಜೋಡಿಸಿ, ವರ್ಷಗಟ್ಟಲೆ ಪ್ರಯೋಗ ಮಾಡಿ ಹೊಸ ಬಗೆಯ ದೋಣಿಯೊಂದನ್ನು ಸಿದ್ಧಪಡಿಸಿದರು. ಅದರ ಹಕ್ಕನ್ನು ಬ್ರಿಟನ್ನಿನ ಜೀವರಕ್ಷಕ ದೋಣಿ ಸಂಸ್ಥೆಗೆ ಕೇವಲ ಒಂದು ಪೌಂಡಿಗೆ ಬಿಟ್ಟುಕೊಟ್ಟರು. ಇಂದು ಪ್ರಪಂಚದ ಎಲ್ಲ ಕಡಲುಗಳಲ್ಲಿ ರಕ್ಷಣಾಪಡೆಗಳು ಬಳಸುವ ಗಾಳಿಯಂಚಿನ ವೇಗದೋಣಿಗಳಿಗೆ ಇದೇ ಮೂಲ.

ಅಟ್ಲಾಂಟಿಕ್ ಕಾಲೇಜಿನ ಮಾದರಿಯಲ್ಲಿ ಯುನೈಟೆಡ್ ವರ್ಲ್ಡ್ ಕಾಲೇಜ್ ಎಂಬ ಹೆಸರಿನಿಂದ ಬೇರೆ ಬೇರೆ ಖಂಡಗಳಲ್ಲಿ ಶಾಲೆಗಳು ಹುಟ್ಟಿಕೊಂಡವು. ಅವುಗಳಲ್ಲೊಂದು 1997ರಲ್ಲಿ ಮಹಾರಾಷ್ಟ್ರದ ಪುಣೆಯ ಬಳಿ ಆರಂಭವಾಯಿತು. ಡಿಪ್ಲೊಮಾ ಶಿಕ್ಷಣ ಭಾರತಕ್ಕೆ ಅದಕ್ಕೂ ಮೊದಲೇ ಬಂದಿತ್ತು. 1976ರಲ್ಲಿ ಕೊಡೈಕೆನಾಲಿನ ಅಂತರರಾಷ್ಟ್ರೀಯ ಶಾಲೆ ಅದನ್ನು ಅಂಗೀಕರಿಸಿತ್ತು. ಇಂದು 150ಕ್ಕೂ ಹೆಚ್ಚು ದೇಶಗಳಲ್ಲಿ, ನಮ್ಮ ಬೆಂಗಳೂರಿನಲ್ಲಿಯೂ, ಈ ಸಂಸ್ಥೆಯ ಪಾಠಕ್ರಮವನ್ನು ಅನುಸರಿಸುವ ಶಾಲೆಗಳಿವೆ. ಬಹುತೇಕ ಶಾಲೆಗಳ ಶುಲ್ಕ ಸಾಮಾನ್ಯರ ಕೈಗೆಟುಕದಷ್ಟು ಹೆಚ್ಚು. ಹಾನರ ಏಳನೆಯ ಸೂತ್ರ ಇನ್ನೂ ಪಾಲನೆಗಾಗಿ ಕಾದಿದೆ.

ಹಾನರು ವಿವಾಹವಾಗಲಿಲ್ಲ. ಶಾಲೆಗಳೇ ಅವರ ಸಂಸಾರ. 1964ರಲ್ಲಿ ಬ್ರಿಟನ್ ಸರ್ಕಾರ ಅವರಿಗೆ ಸಿ.ಬಿ.ಇ. ಗೌರವವನ್ನು ನೀಡಿತು. 1966ರಲ್ಲಿ ಅವರ ಎಂಬತ್ತನೆಯ ಹುಟ್ಟುಹಬ್ಬಕ್ಕೆಂದು ಹಲವು ಶಾಲೆಗಳ ಮುಖ್ಯಸ್ಥರು ಸಾಲೆಮಿನಲ್ಲಿ ನೆರೆದು, ಆ ಶಾಲೆಗಳ ಒಂದು ಕೂಟವನ್ನು ರಚಿಸಲು ತೊಡಗಿದರು. ಗಾರ್ಡನ್‌ಸ್ಟನ್ನಿನ ಆ ಗುಂಡು ಕಟ್ಟಡದ ಹೆಸರನ್ನೇ ಕೂಟಕ್ಕೆ ಇಡಲಾಯಿತು. 1974ನೆಯ ಇಸವಿ ಡಿಸೆಂಬರ್ 14ರಂದು, ತಮ್ಮ ಎಂಬತ್ತೆಂಟನೆಯ ವಯಸ್ಸಿನಲ್ಲಿ, ಕುರ್ಟ್ ಹಾನರು ಕೊನೆಯುಸಿರೆಳೆದರು. ನಲವತ್ತೊಂದು ವರ್ಷಗಳ ಹಿಂದೆ ಯಾವ ನೆಲಕ್ಕೆ ಕಾಲಿಡಕೂಡದೆಂದು ಅವರಿಗೆ ಆಜ್ಞೆಯಾಗಿತ್ತೋ ಆ ಸಾಲೆಮಿನ ಮಣ್ಣಿನಲ್ಲಿಯೇ ಅವರ ಸಮಾಧಿಯಿದೆ.